ಫೀಸಿನೊಳಗಿನ ದನ

ನನ್ನ ಕಾಲೇಜಿನ ಮೊದಲ ವರ್ಷದ ಫೀಸನ್ನು ಕಟ್ಟಿದ್ದು ನಮ್ಮ ಮನೆಯ ಹೋರಿ. ಸಂತೆಯಲ್ಲಿ ಅಪ್ಪನೂ ದಲ್ಲಾಳಿಯೂ ಟವೆಲಿನ ಮರೆಯಲ್ಲಿ ಬೆರಳು ಹಿಡಿದು, ಬಾಯಿ ಬಿಡದೆ ವ್ಯಾಪಾರ ಕುದುರಿಸುತ್ತಿದ್ದಾಗ ನಾನು ಹಗ್ಗ ಹಿಡಿದು ನಿಂತಿದ್ದೆ. ಫೀಸೆಂಬ ಮಾತಿನೊಳಗೇ ಒಂದು ದನವಿದೆಯೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಇಂಗ್ಲಿಷ್, ಜರ್ಮನ್, ಸ್ವೀಡಿಷ್ ಮೊದಲಾದ ಭಾಷೆಗಳ ತಾಯಿಯಾದ ಮೂಲ ಜರ್ಮ್ಯಾನಿಕ್‌ನಲ್ಲಿ ‘*ಫೆಹು’ ಎಂಬ ಪದವಿತ್ತೆಂದು ವಿದ್ವಾಂಸರು ಹೇಳುತ್ತಾರೆ. ಮುಂದಿರುವ ಆ ಚುಕ್ಕಿ, ಈ ರೂಪವನ್ನು ಯಾರೂ ಬರೆದಿಟ್ಟಿಲ್ಲ, ಮಕ್ಕಳ ಚಹರೆ ನೋಡಿ ತಾಯಿಯ ಮುಖವನ್ನು ಊಹಿಸಿದ್ದೇವೆ ಎಂಬುದರ ಒಪ್ಪಿಗೆ. ಮಕ್ಕಳೋ ಒಂದೊಂದು ದಿಕ್ಕು: ಜರ್ಮನ್ನರ ‘ಫೀ’ ಇಂದಿಗೂ ದನಕರುವೇ, 4ನೆಯ ಶತಮಾನದ ಬೈಬಲ್ ಅನುವಾದದಲ್ಲಿ ಉಳಿದಿರುವ ಗಾಥಿಕ್ ‘ಫೈಹು’ ಹಣ, ಹಳೆಯ ಇಂಗ್ಲಿಷಿನ ‘ಫೆಒಹ್’ ಎರಡೂ. ನಾವು ಕಟ್ಟುವ ಫೀಸು ಮಾತ್ರ ಫ್ರೆಂಚರ ಜಹಗೀರಿನ ಪದವೊಂದರ ಮನೆ ಹೊಕ್ಕು ಬಂದದ್ದು. ಅದರ ಬುಡದಲ್ಲಿಯೂ ಇದೇ ದನವಿದೆಯೆಂಬುದು ಹೆಚ್ಚಿನ ನಿಘಂಟುಕಾರರ ಮತ.

ಜರ್ಮ್ಯಾನಿಕ್‌ನಲ್ಲಿ ಹಳೆಯ ‘ಪ’ಕಾರ ‘ಫ’ ಆಗಿ, ‘ಕ’ಕಾರ ‘ಹ’ ಆಗಿ ಸರಿದುದನ್ನು 1822ರಲ್ಲಿ ಯಾಕೋಬ್ ಗ್ರಿಮ್ ಕ್ರಮವಾಗಿ ನಿರೂಪಿಸಿದನು. ಆ ಹಾದಿಯಲ್ಲಿ ಹಿಂದಕ್ಕೆ ನಡೆದರೆ ಲ್ಯಾಟಿನ್ನಿನ ‘ಪೆಕು’ವೂ ಸಂಸ್ಕೃತದ ‘ಪಶು’ವೂ ಎದುರಾಗುತ್ತವೆ. ಪಾಲನ್ನು ಹಾಲಾಗಿಸಿ, ಪುಲಿಯನ್ನು ಹುಲಿಯಾಗಿಸಿದ ನಮಗೆ ಇಂತಹ ಸರಿದಾಟ ಹೊಸತೇನಲ್ಲ.

ಆದರೆ ದನ ಹಣವಾಯಿತೋ, ಹಣ ದನವಾಯಿತೋ? ಹಿಂದೆ ದನವೇ ಸಂಪತ್ತಾಗಿದ್ದರಿಂದ ಪದ ಹಾಗೆ ಬೆಳೆಯಿತೆಂಬುದು ಬಹುಕಾಲದ ವಿವರಣೆ. ಫ್ರಾನ್ಸಿನ ಎಮಿಲ್ ಬೆನ್ವೆನಿಸ್ತ್ 1969ರಲ್ಲಿ ಇದನ್ನು ತಿರುಗಿಸಿ, ಮೊದಲಿದ್ದದ್ದು ‘ಚರಾಸ್ತಿ’ ಎಂಬ ಅರ್ಥ, ದನ ಅದರ ಒಂದು ಬಗೆಯಷ್ಟೇ ಎಂದು ವಾದಿಸಿದರು. ಎಲ್ಲರೂ ಒಪ್ಪಿಲ್ಲ, ನನಗೇನೋ ಅವರತ್ತಲೇ ಒಲವು. ಸಂಸ್ಕೃತದ ‘ಧನ’ವು ನಮ್ಮ ಬಾಯಲ್ಲಿ ಮಹಾಪ್ರಾಣ ಕಳೆದುಕೊಂಡು ‘ದನ’ವಾಗಿ ಕೊಟ್ಟಿಗೆ ಸೇರಿದ್ದು ಇದೇ ದಾರಿಯಲ್ಲವೆ?

ಅವ್ವ ಈ ವಾದಕ್ಕೆ ತಲೆದೂಗುತ್ತಿದ್ದಳೆಂದು ಹೇಳಲಾರೆ. ಆ ಸಂಜೆ ಬರಿಯ ಹಗ್ಗದೊಂದಿಗೆ ನಾವು ಮನೆಗೆ ಬಂದಾಗ ಅವಳು ಬೆಲೆ ಕೇಳಲಿಲ್ಲ. ಹಗ್ಗವನ್ನು ಗೂಟಕ್ಕೆ ಸುತ್ತಿ, ‘ಯಾರ ಮನೆಗೆ ಹೋಯ್ತು?’ ಎಂದು ಕೇಳಿದಳು.