ಕೋಣೆ ಕೊಟ್ಟು ಕೊಂಡ ಆಕಾಶ

20 ಅಡಿಗೆ 30 ಅಡಿಯ ನಿವೇಶನದಲ್ಲಿ ಮನೆ ಕಟ್ಟಿಕೊಂಡವರಿಗೆ ಆಕಾಶವೆಂಬುದು ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ಮಾತ್ರ ಸಿಗುವ ಪದಾರ್ಥ. ಮೈಸೂರಿನ ಕುವೆಂಪುನಗರದಿಂದ ಸ್ವಲ್ಪ ಆಚೆಗಿರುವ ನಮ್ಮ ಮನೆಯಲ್ಲಿ ಒಂದು ಹಜಾರ, ಒಂದು ಅಡುಗೆಮನೆ, ಎರಡು ಮಲಗುವ ಕೋಣೆ, ಒಂದು ಬಚ್ಚಲುಮನೆ, ದೇವರಿಗೆಂದು ಗೋಡೆಯಲ್ಲಿ ಬಿಟ್ಟ ಒಂದು ಗೂಡು ಇವಿಷ್ಟನ್ನೂ 600 ಚದರಡಿಯೊಳಗೆ ಹೊಂದಿಸಿದ ಮೇಲೆ ಗಾಳಿ ಬೆಳಕುಗಳಿಗೆ ನಿಲ್ಲಲು ಜಾಗ ಉಳಿದಿರಲಿಲ್ಲ. ಕಿಟಕಿಯಿಂದ ಕೈ ಚಾಚಿದರೆ ಪಕ್ಕದ ಮನೆಯ ಗೋಡೆಯ ಸುಣ್ಣ ಬೆರಳಿಗೆ ಅಂಟುತ್ತಿತ್ತು. ಹಗಲು ಹನ್ನೊಂದು ಗಂಟೆಗೂ ಅಡುಗೆಮನೆಯಲ್ಲಿ ದೀಪ ಹಾಕದೆ ಜೀರಿಗೆ ಯಾವುದು, ಸೋಂಪು ಯಾವುದು ಎಂದು ಹೇಳುವಂತಿರಲಿಲ್ಲ.

ಹೋದ ವರ್ಷ ಬಚ್ಚಲಿನ ಗೋಡೆ ತೇವ ಹಿಡಿದದ್ದರಿಂದ ಮೇಸ್ತ್ರಿಯನ್ನು ಕರೆಸಬೇಕಾಯಿತು. ಮೇಸ್ತ್ರಿ ಒಮ್ಮೆ ಹೊಸ್ತಿಲು ದಾಟಿದ ಮೇಲೆ ಕರೆದ ಕೆಲಸವೊಂದನ್ನೇ ಮಾಡಿಸಿ ಕಳುಹಿಸಿದ ಗೃಹಸ್ಥರು ಯಾರಾದರೂ ಇದ್ದರೆ ಅವರಿಗೆ ದೂರದಿಂದಲೇ ನನ್ನ ನಮಸ್ಕಾರ. ಹೇಗೂ ಸಿಮೆಂಟು, ಮರಳು ಬರುತ್ತದೆ, ಇನ್ನೇನಾದರೂ ಇದ್ದರೆ ಹೇಳಿ ಎಂದು ಆತ ಕೇಳಿದ್ದೇ ತಡ, ನಮ್ಮಮ್ಮ ಮೂವತ್ತು ವರ್ಷಗಳಿಂದ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಹೊರಗೆ ತೆಗೆದಳು. "ಮನೆಯೊಳಗೆ ಕೂತೇ ಒಂದು ಚೂರು ಆಕಾಶ ಕಾಣೋ ಹಾಗೆ ಮಾಡಿಕೊಡಪ್ಪ."

ಅಮ್ಮ ಹುಟ್ಟಿ ಬೆಳೆದದ್ದು ಪಾಂಡವಪುರದ ಕಡೆಯ ಒಂದು ತೊಟ್ಟಿಮನೆಯಲ್ಲಿ. ಹಳೆ ಮೈಸೂರಿನ ಸೀಮೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯ ನಡುವೆ ಒಂದೆರಡು ಮೆಟ್ಟಿಲಷ್ಟು ತಗ್ಗಿನಲ್ಲಿ ಕಲ್ಲು ಹಾಸಿದ ಅಂಗಳ, ಅದರ ಸುತ್ತ ಮರದ ಕಂಬಗಳ ಪಡಸಾಲೆ, ನಾಲ್ಕೂ ಕಡೆಯಿಂದ ಒಳಮುಖವಾಗಿ ಇಳಿದ ಹೆಂಚಿನ ಸೂರು, ಮಳೆ ಬಂದರೆ ಸೂರಂಚಿನ ನೀರು ಹಂಡೆ ಕೊಳಗಗಳಿಗೆ, ಮಿಕ್ಕದ್ದು ಕಲ್ಲಿನ ತೂಬಿನಿಂದ ಬೀದಿಗೆ. ಸಂಡಿಗೆ ಒಣಗಿದ್ದು, ಭತ್ತ ಹರವಿದ್ದು, ಮದುವೆಯ ಚಪ್ಪರ ಹಾಕಿದ್ದು ಎಲ್ಲವೂ ಅಲ್ಲಿಯೇ. ಅಂತಹ ಮನೆಯಿಂದ ಬಂದವಳಿಗೆ ನಾನು ಕೊಟ್ಟದ್ದು ಟ್ಯೂಬ್‌ಲೈಟಿನ ಹಗಲು.

ಕೊಡಬಹುದಾದ ಜಾಗವೆಂದರೆ ಒಂದೇ, ಹಿಂಬದಿಯ 10 ಅಡಿಗೆ 10 ಅಡಿಯ ಎರಡನೆಯ ಮಲಗುವ ಕೋಣೆ. ಮಗಳು ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಅದರಲ್ಲಿ ಮಲಗುತ್ತಿದ್ದವರು ಅಕ್ಕಿಯ ಮೂಟೆ, ಕೆಟ್ಟುಹೋದ ಮಿಕ್ಸಿ, ದಸರಾ ಗೊಂಬೆಗಳ ಪೆಟ್ಟಿಗೆಗಳು ಮತ್ತು ಯಾರೋ ಮದುವೆಯಲ್ಲಿ ಕೊಟ್ಟ ಹನ್ನೊಂದು ಗೋಡೆ ಗಡಿಯಾರಗಳು. ಆದರೂ ಈ ಸುದ್ದಿ ತಿಳಿದೊಡನೆ ನಮ್ಮ ಬೀದಿಯಲ್ಲಿ ಮನೆ ಮಾರಿಸುವ, ಕೊಡಿಸುವ ವ್ಯವಹಾರ ಮಾಡುವವರೊಬ್ಬರು ಸಂಜೆ ವಾಕಿಂಗನ್ನು ಅರ್ಧಕ್ಕೇ ಬಿಟ್ಟು ಬಂದರು. ಎರಡು ಬೆಡ್‌ರೂಮಿನ ಮನೆಯನ್ನು ಕೈಯಾರೆ ಒಂದಕ್ಕೆ ಇಳಿಸುವುದು, ಇರುವ ಎರಡೇ ಹಲ್ಲಿನಲ್ಲಿ ಗಟ್ಟಿಯಾಗಿರುವ ಒಂದನ್ನು ಕೀಳಿಸಿಕೊಂಡಂತೆ ಎಂದು ತಿಳಿಹೇಳಿ, ನನ್ನ ಹೆಂಡತಿಯ ಕಡೆ ಅನುಕಂಪದಿಂದ ನೋಡಿ ಹೋದರು. ನಮ್ಮ ಮಾವನವರ ಚಿಂತೆ ಬೇರೆ. ಅವರ ಪ್ರಕಾರ ಆ ಕೋಣೆ ಮನೆಯ ನೈಋತ್ಯದಲ್ಲಿದೆ, ನೈಋತ್ಯದಲ್ಲಿ ಭಾರವಿರಬೇಕೇ ಹೊರತು ಬಯಲಿರಬಾರದು, ಇದ್ದರೆ ಯಜಮಾನನಿಗೆ ಕಷ್ಟ ತಪ್ಪಿದ್ದಲ್ಲ. ಯಜಮಾನನ ಕಷ್ಟ ಅದಾಗಲೇ ಮೇಸ್ತ್ರಿಯ ಮುಂಗಡದ ರೂಪದಲ್ಲಿ ಆರಂಭವಾಗಿತ್ತು. ಕೊನೆಗೆ ಅಟ್ಟದ ಮೇಲಿದ್ದ ಅಜ್ಜಿಯ ಕಾಲದ ಒರಳುಕಲ್ಲನ್ನು ಇಳಿಸಿ ಆ ಮೂಲೆಯಲ್ಲಿಡುವುದೆಂದು ರಾಜಿಯಾಯಿತು. ಅದನ್ನು ಇಳಿಸಿದ ಇಬ್ಬರಲ್ಲಿ ನಾನೊಬ್ಬ. ನೈಋತ್ಯದ ಭಾರ ಎಷ್ಟೆಂಬುದು ನನ್ನ ಸೊಂಟಕ್ಕೆ ಇಂದಿಗೂ ನೆನಪಿದೆ.

ಸೂರು ತೆಗೆಯುವುದೆಂದರೆ ಡಬ್ಬದ ಮುಚ್ಚಳ ತೆಗೆದಂತೆ ಎಂದು ನಾನು ತಿಳಿದಿದ್ದೆ. ನೋಡಲು ಬಂದ ಎಂಜಿನಿಯರ್ ಹುಡುಗ ಹಾಗಲ್ಲವೆಂದ. ಕಾಂಕ್ರೀಟಿನ ಸೂರು ಕೋಣೆಗೊಂದರಂತೆ ಇರುವುದಿಲ್ಲ, ಇಡೀ ಮನೆಗೆ ಒಂದೇ ಹಾಸಾಗಿ ಗೋಡೆಗಳ ಮೇಲೆ ಹಾಯ್ದಿರುತ್ತದೆ, ಒಳಗಿನ ಕಂಬಿಗಳು ಒಂದು ಕೋಣೆಯಿಂದ ಇನ್ನೊಂದಕ್ಕೆ ಕೈ ಹಿಡಿದುಕೊಂಡಿರುತ್ತವೆ, ಆದ್ದರಿಂದ ಮೊದಲು ಪಕ್ಕದ ಕೋಣೆಗಳಿಗೆ ಆಸರೆ ಕೊಟ್ಟು, ಸುತ್ತಿಗೆಯಿಂದ ಒಡೆಯದೆ ಯಂತ್ರದಿಂದ ಕೊಯ್ದು ತೆಗೆಯಬೇಕು ಎಂದು ವಿವರಿಸಿದ. ಒಂಬತ್ತಿಂಚಿನ ಗೋಡೆಗಳು ಭಾರ ಹೊತ್ತಿರುವುದರಿಂದ ಅವುಗಳ ತಂಟೆಗೆ ಹೋಗಕೂಡದೆಂದೂ ಎಚ್ಚರಿಸಿದ. ಆ ಮೇಲೆ ಕಾಗದದ ಮೇಲೆ ಲೆಕ್ಕ ಹಾಕಿ, ನಾಲ್ಕಿಂಚು ದಪ್ಪದ 100 ಚದರಡಿ ಸೂರು ಎರಡು ಟನ್ನಿಗೂ ಮಿಗಿಲಾಗಿ ತೂಗುತ್ತದೆ ಎಂದ. ಅಷ್ಟು ಭಾರವನ್ನು ತಲೆಯ ಮೇಲಿಟ್ಟುಕೊಂಡು ನಮ್ಮ ನೆಂಟರಿಷ್ಟರು ಇಷ್ಟು ವರ್ಷ ಅಷ್ಟು ಜೋರಾಗಿ ಗೊರಕೆ ಹೊಡೆದದ್ದು ಹೇಗೆಂಬುದು ನನಗೆ ಈಗಲೂ ಸೋಜಿಗ.

ಸೂರು ಇಳಿದು ಎರಡು ವಾರ ಆ ಅವಶೇಷ ಅಲ್ಲಿಯೇ ಬಿದ್ದಿತ್ತು. ಬೆಳಗಿನ ಕಸದ ಗಾಡಿಯವರು ಅದನ್ನು ನೋಡಿ, ನನ್ನನ್ನು ನೋಡಿ, ಏನೂ ಹೇಳದೆ ಮುಂದಕ್ಕೆ ಹೋದರು. ಟ್ರ್ಯಾಕ್ಟರಿನವನು ನಾಳೆ ಬರುತ್ತೇನೆ ಎನ್ನುವುದರಲ್ಲಿ ಒಮ್ಮೆಯೂ ತಪ್ಪಲಿಲ್ಲ. ಇದಕ್ಕೆ ತೊಟ್ಟಿ ಎಂದು ಹೆಸರಿಟ್ಟದ್ದೇ ತಪ್ಪಾಯಿತು, ಕಸದ್ದೂ ತೊಟ್ಟಿಯೇ ಅಲ್ಲವೇ ಎಂದು ಹೆಂಡತಿ ಮೂಗಿಗೆ ಸೆರಗು ಹಿಡಿದುಕೊಂಡೇ ಹೇಳಿದಳು.

ಈ ನಡುವೆ ಬೀರುವಿನ ಪ್ರಕರಣವೊಂದು ನಡೆಯಿತು. ಆರೂವರೆ ಅಡಿಯ ಆ ಕಬ್ಬಿಣದ ಬೀರು ಕೋಣೆಯೊಳಗೆ ಸೇರಿದ ಮೇಲೆ ನಾವು ಅಡುಗೆಮನೆಯ ಕಪಾಟಿಗೆಂದು ಒಂದು ಅಡ್ಡಗೋಡೆ ಎಬ್ಬಿಸಿದ್ದೆವು. ಹೋದ ದಾರಿಯಲ್ಲಿ ಅದು ಹಿಂದಿರುಗಲು ಸಾಧ್ಯವಿಲ್ಲವೆಂಬುದು ಆಗ ಯಾರಿಗೂ ಹೊಳೆದಿರಲಿಲ್ಲ. ಕೋಣೆಯ ಬಾಗಿಲನ್ನು ಅಗಲ ಮಾಡಿದ ದಿನ ನಾಲ್ವರು ಸೇರಿ ಅದನ್ನು ಹಜಾರಕ್ಕೆ ತಂದರು. ಅಲ್ಲಿಂದ ಇನ್ನೊಂದು ಕೋಣೆಗೆ ತಿರುಗಿಸಲು ನೋಡಿದರೆ ಒಂದೂವರೆ ಇಂಚು ಸಾಲದು. ಹೀಗಾಗಿ ಬೀರು ಟೀವಿಯ ಪಕ್ಕದಲ್ಲಿಯೇ ನೆಲೆಸಿತು. ಮನೆಗೆ ಬಂದವರೆಲ್ಲ ಈಗ ಕಾಫಿ ಕುಡಿಯುತ್ತ ಅದರ ಕನ್ನಡಿಯಲ್ಲಿ ತಮ್ಮ ತಲೆಗೂದಲು ಸರಿಪಡಿಸಿಕೊಳ್ಳುತ್ತಾರೆ.

ಬಯಲಾದ ಜಾಗಕ್ಕೆ ಕಲ್ಲು ಹಾಸಿದರು, ಮೇಲೆ ಕಬ್ಬಿಣದ ಜಾಲರಿ ಕೂರಿಸಿದರು. ಮೊದಲ ಬಾರಿಗೆ ಅಡುಗೆಮನೆಗೆ ಬಿಸಿಲು ಬಂತು. ಬಂದ ಬಿಸಿಲು ಮಾಡಿದ ಮೊದಲ ಕೆಲಸವೆಂದರೆ ಒಗ್ಗರಣೆಯ ಹೊಗೆಯಿಂದ ಒಲೆಯ ಹಿಂದಿನ ಗೋಡೆಗೆ ಹತ್ತಿದ್ದ ಜಿಡ್ಡನ್ನು, ಹುಳಿ ಉಕ್ಕಿ ಹರಿದ ಕಲೆಗಳನ್ನು, ಮೂಲೆಯ ಜೇಡರ ಬಲೆಗಳನ್ನು ಒಂದೊಂದಾಗಿ ತೋರಿಸಿಕೊಟ್ಟದ್ದು. ಹೆಂಡತಿ ಅದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತು, ಇಷ್ಟು ದಿನ ಇದರ ಮುಂದೆ ನಿಂತು ಅಡುಗೆ ಮಾಡಿದ್ದೇನೆಯೇ ಎಂದವಳು ಆ ವಾರವೆಲ್ಲ ಸೀಗೆಪುಡಿ ಹಾಕಿ ಗೋಡೆ ಉಜ್ಜಿದಳು. ಅಮ್ಮ ಮಾತ್ರ ಅಂಗಳದ ನಡುವೆ ನಿಂತು ತಲೆಯೆತ್ತಿ ನೋಡಿದಳು. ಎರಡು ಕಡೆ ಅಕ್ಕಪಕ್ಕದವರ ಮೂರಂತಸ್ತಿನ ಗೋಡೆ, ಮಿಕ್ಕ ಎರಡು ಕಡೆ ನಮ್ಮದು. ಬಹಳ ಎತ್ತರದಲ್ಲಿ ಕರವಸ್ತ್ರದಷ್ಟು ನೀಲಿ. "ಇದು ತೊಟ್ಟಿಯಲ್ಲ ಕಣೋ, ಬಾವಿ" ಅಂದಳು.

ಬಾವಿಗೆ ನೀರು ಬರುವುದು ತಡವಾಗಲಿಲ್ಲ. ನೆಲದ ಇಳಿಜಾರು ಮೋರಿಯ ಕಡೆಗಿದೆಯೇ ಎಂದು ನೋಡಲು ಮೇಸ್ತ್ರಿ ರಸಮಟ್ಟ ಇಟ್ಟು ತೃಪ್ತನಾಗಿದ್ದ. ನಾನು ಮಗಳ ಹಳೆಯ ಗೋಲಿಯೊಂದನ್ನು ಮಧ್ಯದಲ್ಲಿಟ್ಟೆ. ಅದು ಒಂದು ಕ್ಷಣ ಯೋಚಿಸಿ, ನಿಧಾನವಾಗಿ ಹೊರಳಿ, ಹಜಾರದ ಹೊಸ್ತಿಲಿಗೆ ಬಂದು ಟಕ್ ಎಂದಿತು. ಗೋಲಿ ಗುಂಡಗಿರುತ್ತದೆ ಸಾರ್, ನೀರು ಹಾಗಲ್ಲ ಎಂದು ಮೇಸ್ತ್ರಿ ಸಮಾಧಾನ ಹೇಳಿದ. ಮೇ ತಿಂಗಳ ಒಂದು ಸಂಜೆ ಗುಡುಗಿನೊಡನೆ ಮಳೆ ಹಿಡಿಯಿತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಅಂಗಳ ಸುಮಾರು 9.3 ಚದರ ಮೀಟರ್ ಇರುವುದರಿಂದ, 40 ಮಿಲಿಮೀಟರ್ ಸುರಿದರೆ 370 ಲೀಟರಿಗೂ ಹೆಚ್ಚು, ಅಂದರೆ 15 ಲೀಟರಿನ ಬಿಂದಿಗೆಯಲ್ಲಿ ಹತ್ತಿರ ಹತ್ತಿರ 25 ಬಿಂದಿಗೆ. ಈ ಲೆಕ್ಕವನ್ನು ನಾನು ಮೊದಲೇ ಹಾಕಬೇಕಿತ್ತು. ಹಾಕಿದ್ದು ಹಜಾರದಲ್ಲಿ ಪಂಚೆ ಎತ್ತಿ ಕಟ್ಟಿ ಮೊರದಿಂದ ನೀರು ಗೋರುವಾಗ. ನನ್ನ ಎಡಗಾಲಿನ ಚಪ್ಪಲಿ ಸೋಫಾವನ್ನು ಒಂದು ಸುತ್ತು ಹಾಕಿ ಬೀರುವಿನ ಕಾಲಿಗೆ ತಾಗಿ ನಿಂತಿತು. ಮರುದಿನ ಒಂದು ಕಪ್ಪೆಯೂ ಕಾಣಿಸಿಕೊಂಡಿತು. ಬಾವಿಯೆಂಬ ಅಮ್ಮನ ಮಾತಿಗೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ನೆಲ ಕಿತ್ತು ಮತ್ತೆ ಹಾಸಿದ ಖರ್ಚು ಇಲ್ಲಿ ಬೇಡ.

ಆಕಾಶದ ಜೊತೆಗೆ ಬಂದ ಇನ್ನೊಂದು ಸಂಪತ್ತು ಪಕ್ಕದ ಮನೆಯ ಎರಡನೆಯ ಮಹಡಿಯವರು. ಅವರ ಕಿಟಕಿಯಿಂದ ನಮ್ಮ ಅಂಗಳ ನೇರವಾಗಿ ಕಾಣುತ್ತದೆ, ಅಡುಗೆಮನೆಯ ಸದ್ದೆಲ್ಲ ಕೊಳವೆಯಲ್ಲಿ ಹೋದಂತೆ ಮೇಲಕ್ಕೆ ಹೋಗುತ್ತದೆ. ಒಂದು ಬೆಳಿಗ್ಗೆ ಹೆಂಡತಿ ಹೂ ತರಲು ಹೋಗಿದ್ದಳು, ನಾನು ಪೇಪರಿನಲ್ಲಿ ಮುಳುಗಿದ್ದೆ. "ಐದು ಕೂಗು ಆಯ್ತು, ಆರಿಸ್ರೀ!" ಎಂದು ಅಂತರಿಕ್ಷದಿಂದ ಆಜ್ಞೆ ಬಂತು. ಕುಕ್ಕರಿನ ಬೇಳೆ ಅಂದು ಉಳಿದದ್ದು ಅವರಿಂದಲೇ. ಅಂದಿನಿಂದ ನಾವು ಗಂಡ ಹೆಂಡತಿ ಜಗಳವಾಡಬೇಕಾದರೆ ಮುಂದಿನ ಕೋಣೆಗೆ ಹೋಗಿ, ಫ್ಯಾನನ್ನು ಐದಕ್ಕೆ ಇಟ್ಟು ಆರಂಭಿಸುತ್ತೇವೆ.

ನಿಜವಾದ ಪರೀಕ್ಷೆ ಬಂದದ್ದು ದಸರೆಗೆ. ಮೈಸೂರಿನಲ್ಲಿ ಮನೆಯಿದ್ದವರಿಗೆ ಆ ಹತ್ತು ದಿನ ನೆಂಟರ ವಿಷಯದಲ್ಲಿ ಸ್ವಂತ ಅಭಿಪ್ರಾಯ ಇರಕೂಡದು. ಶಿವಮೊಗ್ಗದಿಂದ ಅಕ್ಕ, ಭಾವ, ಇಬ್ಬರು ಮಕ್ಕಳು ಬಂದರು. ಕೋಣೆಯೆಲ್ಲಿ ಎಂದು ಹುಡುಕುತ್ತ ಹೋದ ಭಾವನವರು ಅಂಗಳದಲ್ಲಿ ನಿಂತು, ಒಳ್ಳೆಯದೇ ಆಯಿತು, ನಕ್ಷತ್ರ ನೋಡುತ್ತ ಮಲಗುತ್ತೇನೆ ಎಂದು ಹಾಸಿಗೆ ಹಾಸಿಕೊಂಡರು. ದಸರೆಯ ಕಾಲ ನಮ್ಮ ಊರಿನ ಹಿಂಗಾರಿನ ಕಾಲವೂ ಹೌದೆಂಬುದನ್ನು ನಾನು ಹೇಳಲು ಹೊರಟೆ, ಹೆಂಡತಿ ಕಣ್ಣಿನಲ್ಲೇ ತಡೆದಳು. ಜಂಬೂಸವಾರಿಯ ಹಿಂದಿನ ರಾತ್ರಿ ಎರಡು ಗಂಟೆಗೆ ಸುರಿಯಿತು. ಭಾವನವರು ಒದ್ದೆ ಹಾಸಿಗೆಯನ್ನು ತಲೆಯ ಮೇಲೆ ಹೊತ್ತು ಹಜಾರಕ್ಕೆ ಬಂದರು. ಅಲ್ಲಿ ಅಕ್ಕ ಮಕ್ಕಳು ಸಾಲಾಗಿ ಮಲಗಿದ್ದರಿಂದ ಬೀರುವಿನ ಬಾಗಿಲು ತೆರೆಯಲಾಗದೆ, ಒಣಗಿದ ಪಂಚೆಯೂ ಸಿಗದೆ, ಕೊನೆಗೆ ನನ್ನ ಹೆಂಡತಿಯ ಹಳೆಯ ಶಾಲನ್ನು ಸುತ್ತಿಕೊಂಡು ಕುರ್ಚಿಯಲ್ಲಿ ಬೆಳಗು ಮಾಡಿದರು.

ಬೆಳಿಗ್ಗೆ ಮಳೆ ನಿಂತು ಒರಳುಕಲ್ಲಿನ ಮೇಲೆ ಎಳೆಬಿಸಿಲು ಬಿದ್ದಿತ್ತು. ಭಾವನವರು ಅದರ ಮೇಲೆ ಕುಳಿತು, ಅಮ್ಮ ತಂದುಕೊಟ್ಟ ಕಾಫಿಯನ್ನು ಎರಡು ಗುಟುಕು ಕುಡಿದು, ಸುತ್ತಲೂ ನೋಡಿ, ತಲೆಯೆತ್ತಿ ಜಾಲರಿಯನ್ನೂ ನೋಡಿ ಹೇಳಿದರು: "ಅತ್ತೆ, ಜಾಗ ಚೆನ್ನಾಗಿದೆ. ಮೇಲೊಂದು ಶೀಟು ಹೊದಿಸಿಬಿಟ್ಟರೆ ಒಳ್ಳೆ ರೂಮೇ ಆಗುತ್ತೆ."

ಅಳಿಯಂದಿರೊಡನೆ ಇಪ್ಪತ್ತೈದು ವರ್ಷಗಳಲ್ಲಿ ಒಮ್ಮೆಯೂ ಎದುರು ಮಾತಾಡದ ಅಮ್ಮ, ಅರ್ಧ ಉಳಿದಿದ್ದ ಲೋಟವನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಒಳಗೆ ಹೋದಳು.