ರೆಪ್ಪೆಯಿಲ್ಲದವರಿಗೆ ಕೆಫೀನು

ಅಂತೂ ಮೀನಿನ ಮೇವಿಗೂ ಕೆಫೀನು ಬಂತು. ಹುಟ್ಟಿದಾಗಿನಿಂದ ಕಣ್ಣಿಗೆ ರೆಪ್ಪೆಯೇ ಇಲ್ಲದೆ, ನಿದ್ದೆಯನ್ನೂ ಕಣ್ಣು ಬಿಟ್ಟುಕೊಂಡೇ ಮಾಡುವ ಜೀವಿಗೆ ಇನ್ನಷ್ಟು ಎಚ್ಚರ ಬೇಕು ಎಂದು ಹೊಳೆದ ತಲೆಗೆ ಸಾಷ್ಟಾಂಗ ನಮಸ್ಕಾರ.

ಮೈಗೆ ದಣಿವಿನ ಸುದ್ದಿ ಮುಟ್ಟಿಸುವ ಅಡೆನೊಸಿನ್ ಕೂರಬೇಕಾದ ಸೀಟಿಗೆ ಕೆಫೀನು ಮೊದಲೇ ಟವೆಲ್ ಹಾಕಿ ಕೂತುಬಿಡುತ್ತದೆ. ದಣಿವು ಗೊತ್ತಾಗದು, ಓಡಾಟ ನಿಲ್ಲದು. ಆಫೀಸಿಗೆ ಹೋಗುವವರಿಗೆ ಇದು ವರ. ಸಾಕಿದ ಮೀನಿಗೆ ಆಫೀಸಿಲ್ಲವಲ್ಲ? ತಿಂದು ತೂಕ ಏರಿಸಿಕೊಳ್ಳುವುದೊಂದೇ ಅದರ ನೌಕರಿ. ಒಂದು ಕೆ.ಜಿ. ಮೀನಿಗೆ ಒಂದೂವರೆ ಕೆ.ಜಿ. ಮೇವು ಹೋಯಿತಲ್ಲ ಎಂದು ಕೊರಗುವವರೇ, ತಿಂದದ್ದನ್ನು ಈಜಿ ಕರಗಿಸುವ ಪುಡಿಯನ್ನೂ ಅದೇ ಮೇವಿಗೆ ಹಾಕುತ್ತಾರೆ.

ಹಾಕುವುದಾದರೂ ಸುಲಭವೇ? ಕೆ.ಜಿ.ಗೆ 100 ಮಿಲಿಗ್ರಾಂ ಅಂದುಕೊಳ್ಳಿ. ಟನ್ನಿಗೆ 100 ಗ್ರಾಂ. ನೇರವಾಗಿ ಮಿಕ್ಸರಿಗೆ ಸುರಿದರೆ ಒಂದು ಚೀಲ ತಿಂದ ಮೀನು ತಾಂಡವ, ಇನ್ನೊಂದು ಚೀಲದ್ದು ತಪಸ್ಸು. ಮೊದಲು 1 ಕೆ.ಜಿ. ತೌಡಿನಲ್ಲಿ, ಆಮೇಲೆ 20 ಕೆ.ಜಿ.ಯಲ್ಲಿ, ಕೊನೆಗೆ ಟನ್ನಿನಲ್ಲಿ ಬೆರೆಸಬೇಕು. ಮೇವನ್ನು ಗುಳಿಗೆ (ಪೆಲೆಟ್) ಮಾಡುವ ಯಂತ್ರದ 80–90 ಡಿಗ್ರಿ ಬಿಸಿಗೆ ಕೆಫೀನು ಜಗ್ಗುವುದಿಲ್ಲ, ಜಗ್ಗುವುದು ನೀರಿಗೆ. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 20 ಗ್ರಾಂ ಕೆಫೀನನ್ನು ಕರಗಿಸಿಕೊಳ್ಳುತ್ತದೆ. ಮೇಲೆ ಎಣ್ಣೆ ಲೇಪಿಸದ ಪೆಲೆಟ್ಟಾದರೆ, ಮೀನು ಬಂದು ಮೂಸುವಷ್ಟರಲ್ಲೇ ಸೋರಿಕೆ ಶುರು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವುದು ಎಂದರೆ ಇದೇ.

ಹೊಳೆ ಅಂದಾಗ ನೆನಪಾಯಿತು. ಅಲ್ಲಿನ ಮೀನುಗಳಿಗೆ ಈ ಭಾಗ್ಯ ಎಂದೋ ಸಿಕ್ಕಿದೆ, ಅದೂ ಪುಕ್ಕಟೆ. ನಾವು ಕುಡಿದ ಕಾಫಿ-ಟೀಯ ಕೆಫೀನು ಒಂದಿಷ್ಟು ಚರಂಡಿ ಸೇರುತ್ತದೆ. ನದಿಗೆ ಮನುಷ್ಯರ ಕೊಳಚೆ ಬೀಳುತ್ತಿದೆಯೇ ಎಂದು ತಿಳಿಯಲು ವಿಜ್ಞಾನಿಗಳು ನೀರಿನಲ್ಲಿ ಹುಡುಕುವ ಗುರುತುಗಳಲ್ಲಿ ಇದೂ ಒಂದು. ಇನ್ನುಮುಂದೆ ಕೆಫೀನು ಸಿಕ್ಕಾಗ ಆರೋಪಿ ಮನುಷ್ಯನೋ ಮೀನೋ ಎಂಬುದಕ್ಕೆ ತನಿಖಾ ಆಯೋಗ ಕೂರಿಸಬೇಕು.

ಕಾಫಿ ಹಣ್ಣಿನ ಸಿಪ್ಪೆಯ ಕಥೆಯೂ ಇದರ ಜೊತೆಗೇ ಇದೆ. ಹಣ್ಣಿನ ತೂಕದಲ್ಲಿ ಸುಮಾರು ಶೇ. 40 ಸಿಪ್ಪೆಯೇ. ಅದರಲ್ಲಿ ಕೆಫೀನು, ಜೊತೆಗೆ ಒಗರು ಕೊಡುವ ಟ್ಯಾನಿನ್. ತಿಲಾಪಿಯಾ ಎಂಬ ಸಾಕುಮೀನಿಗೆ ತಿನ್ನಿಸಿ ನೋಡಿದ್ದೂ ಆಗಿದೆ: ಸಿಪ್ಪೆಯ ಪಾಲು ಏರಿದಂತೆ ಬೆಳವಣಿಗೆ ಇಳಿಯಿತು. ಬಿಡುವವರು ಯಾರು? ಎಸೆಯಲು ಜಾಗವಿಲ್ಲದ್ದಕ್ಕೆಲ್ಲ ಕೊನೆಗೆ ಇಡುವ ಹೆಸರು ‘ಪೂರಕ ಆಹಾರ’.

ತಮಾಷೆ ಸಾಕು. ಬೆಳಗಿನ ಜಾವ ಕೊಳದ ಆಮ್ಲಜನಕ ತಳ ಕಾಣುತ್ತದೆ. ಬಿಸಿಲಿಲ್ಲದ ಹೊತ್ತಿನಲ್ಲಿ ಪಾಚಿಯೂ ಉಸಿರೆಳೆಯುತ್ತದೆಯೇ ಹೊರತು ಕೊಡುವುದಿಲ್ಲ. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲ ನೀರು 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ. ಮೀನುಗಳು ಮೇಲೆ ಬಂದು ಸಾಲಾಗಿ ಬಾಯಿ ತೆರೆದು ಮುಚ್ಚುತ್ತಿದ್ದರೆ ಅದು ಹಸಿವಲ್ಲ, ಉಸಿರುಗಟ್ಟುತ್ತಿರುವುದು. ಆಗ ಬೇಕಾದ್ದು ನೀರಿಗೆ ಗಾಳಿ ಬೆರೆಸುವ ಏರೇಟರ್ ಹಾಕುವುದು, ಮೇವು ನಿಲ್ಲಿಸುವುದು, ಆಮ್ಲಜನಕದ ಮೀಟರ್ ಅದ್ದಿ ನೋಡುವುದು. ಇಷ್ಟೇ. ಇದನ್ನು ಮಾಡದೆ, ಇದ್ದ ಉಸಿರನ್ನೂ ಬೇಗ ಸುಡಿಸುವ ಪುಡಿಯನ್ನು ತಂದು ಸುರಿದು, ಮೀನು ತೇಲಿದ ಮೇಲೆ ಮರಿ ಸರಿಯಿರಲಿಲ್ಲ ಎನ್ನುತ್ತಾರೆ. ಪೊಟ್ಟಣದ ಮೇಲೆ ನಗುವ ಮೀನಿನ ಚಿತ್ರವಿರುತ್ತದೆ, ಮೀಟರಿನಲ್ಲಿ ಬರೀ ಅಂಕಿ.

ಆ ಅಂಕಿ ನೋಡಲು ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕು. ಕೆಫೀನು ಬೇಕಿದ್ದದ್ದು ಆ ಏಳಬೇಕಾದವನಿಗೆ.