ಮೂರು ತಿಂಗಳು ಬಿಟ್ಟು ಬನ್ನಿ, ಅಯೋಡಿನ್ನೇ!

2011ರ ಮಾರ್ಚ್. ಜಪಾನಿನ ಫುಕುಶಿಮಾ ಅಣುಸ್ಥಾವರದ ವಿಕಿರಣ ಸಾಗರ ದಾಟಿ ಅಮೆರಿಕಕ್ಕೂ ಬಂತು. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನಲ್ಲಿ 25ನೇ ತಾರೀಕು ತೆಗೆದ ಹಾಲಿನಲ್ಲಿ ಅಯೋಡಿನ್-131 ಎಂಬ ವಿಕಿರಣ ಸೂಸುವ ಅಯೋಡಿನ್ ಸಿಕ್ಕಿತು. ಲೀಟರಿಗೆ 0.8 ಪಿಕೋಕ್ಯೂರಿ (ವಿಕಿರಣ ಅಳೆಯುವ ಬಲು ಸಣ್ಣ ಮಾನ). ಅಲ್ಲಿನ ಸರ್ಕಾರದ ಎಚ್ಚರಿಕೆ ಮಟ್ಟಕ್ಕೆ ಹೋಲಿಸಿದರೆ 5,000 ಪಟ್ಟು ಕಡಿಮೆ. ಹೆದರುವಂಥದ್ದೇನೂ ಇರಲಿಲ್ಲ, ಒಪ್ಪೋಣ. ತಮಾಷೆ ಇರೋದು ಆಮೇಲೆ.

ಮೇ ಮೊದಲ ವಾರದಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ, ಅಳತೆ ಇಳಿಯುತ್ತಿದೆ, ಇನ್ನು ಮಾಮೂಲಿ ಕ್ರಮಕ್ಕೆ ಮರಳುತ್ತೇವೆ ಎಂದಿತು. ಆಗ ಮಾಮೂಲಿ ಅಂದರೆ ಹಾಲಿನ ಪರೀಕ್ಷೆ ಸುಮಾರು ಮೂರು ತಿಂಗಳಿಗೊಮ್ಮೆ!

ಅಯೋಡಿನ್-131ರ ಜಾತಕ ಸ್ವಲ್ಪ ನೋಡಿ. ಎಂಟು ದಿನಕ್ಕೆ ಅರ್ಧ ಆಗುತ್ತದೆ. ಇನ್ನೆಂಟು ದಿನಕ್ಕೆ ಅರ್ಧದಲ್ಲಿ ಅರ್ಧ. ಮೂರು ತಿಂಗಳಾಗುವಷ್ಟರಲ್ಲಿ ಎರಡು ಸಾವಿರದಲ್ಲಿ ಒಂದು ಪಾಲೂ ಉಳಿಯಲ್ಲ. ಬಾಟಲಿ ಹಿಡಿದು ಅಧಿಕಾರಿ ಬರುವ ಹೊತ್ತಿಗೆ ಆಸಾಮಿ ಮಾಯ. 'ಏನೂ ಸಿಗಲಿಲ್ಲ' ಅಂತ ವರದಿ ಬರೆದು ಸಹಿ ಹಾಕಬಹುದು. ಸುಳ್ಳೂ ಅಲ್ಲ ನೋಡಿ!

ಹಸುವಿಗೆ ಮಾತ್ರ ಈ ವೇಳಾಪಟ್ಟಿ ಯಾರೂ ತಿಳಿಸಿಲ್ಲ. ಹುಲ್ಲಿನ ಮೇಲೆ ಬಿದ್ದದ್ದನ್ನು ಮೇಯುತ್ತದೆ, ಒಂದೆರಡು ದಿನದಲ್ಲೇ ಅದು ಕೆಚ್ಚಲಿಗೆ ಇಳಿಯುತ್ತದೆ. ಅಲ್ಲಿಂದ ಮಗುವಿನ ಲೋಟ, ಲೋಟದಿಂದ ಕುತ್ತಿಗೆಯ ಥೈರಾಯ್ಡ್. ಇನ್ನೊಂದು ವಿಕಿರಣ ವಸ್ತು ಸೀಸಿಯಂ-137 ಆದರೆ ಪರವಾಗಿಲ್ಲ. ಅರ್ಧ ಆಗೋಕೆ ಮೂವತ್ತು ವರ್ಷ ಬೇಕು. ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಎಷ್ಟು ಹೊತ್ತು ಬೇಕಾದರೂ ಕೂರುತ್ತದೆ. ಅಯೋಡಿನ್‌ಗೆ ಅಷ್ಟು ತಾಳ್ಮೆ ಇಲ್ಲ.

1957ರಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್ ಅಣು ರಿಯಾಕ್ಟರಿಗೆ ಬೆಂಕಿ ಬಿದ್ದಾಗ, ಹಾಲಲ್ಲಿ ಈ ಅಯೋಡಿನ್ ಎಷ್ಟಿದ್ದರೆ ಜಾಸ್ತಿ ಎಂಬ ಲೆಕ್ಕವನ್ನೇ ಅವಸರದಲ್ಲಿ ಮಾಡಬೇಕಾಯಿತು. ಆದರೂ ಕೆಲವೇ ದಿನಗಳಲ್ಲಿ ಹಾಲು ಅಳೆದರು, ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲು ಚೆಲ್ಲಿಸಿದರು. ಆಗ ಕಂಪ್ಯೂಟರ್ ಕಡಿಮೆ, ಗಾಬರಿ ಜಾಸ್ತಿ ಇತ್ತು ಅನ್ಸುತ್ತೆ.

'ಹಾಲು ಬಿಡಿ, ಗಾಳಿಯನ್ನು ಹಗಲೂ ರಾತ್ರಿ ಅಳೆಯುವ ಯಂತ್ರಗಳಿವೆಯಲ್ಲ, ಅವು ಕೂಗಿದ ಕೂಡಲೇ ಹಾಲನ್ನೂ ನೋಡ್ತೀವಿ' ಎಂದು ಇಪಿಎ ಎನ್ನಬಹುದು. ಒಳ್ಳೇ ಮಾತೇ. ಆದರೆ ಇಪಿಎಯ ಸ್ವಂತ ಇನ್‌ಸ್ಪೆಕ್ಟರ್ ಜನರಲ್ (ಸಂಸ್ಥೆಯೊಳಗಿನ ತಪಾಸಣಾಧಿಕಾರಿ) 2012ರಲ್ಲಿ ಕೊಟ್ಟ ವರದಿ ಓದಿ: ಫುಕುಶಿಮಾ ದುರಂತದ ದಿನ ಗಾಳಿ ಅಳೆಯುವ ಈ 124 ಯಂತ್ರಗಳಲ್ಲಿ 25 ಕೆಟ್ಟು ಕೂತಿದ್ದವು. ಸರಾಸರಿ 130 ದಿನಗಳಿಂದ.